ಟಾವೆಲ್ ಕೆಳಗಿನ ಮಾತು

ಮೂವತ್ತು ವರ್ಷ ನರ್ಸ್ ಕೆಲಸ ಮಾಡಿದರೂ ನನ್ನ ಹೆಸರು ಬಹಳ ಜನಕ್ಕೆ ಗೊತ್ತಿರಲಿಲ್ಲ. ಸುರಪುರದಲ್ಲಿ ನಾನು ನರ್ಸಬಾಯಿ, ಶಹಾಪುರದಲ್ಲಿ ಅಕ್ಕಾರು, ಕೊನೆಗೆ ಯಾದಗಿರಿ ಸುತ್ತಲಿನ ಹಳ್ಳಿಗಳಲ್ಲಿ ಸೂಜಿ ಅಕ್ಕ. ಮಕ್ಕಳು ಉಣ್ಣದೆ ಹಟ ಹಿಡಿದರೆ ತಾಯಂದಿರು ನನ್ನನ್ನು ತೋರಿಸಿ ಹೆದರಿಸುತ್ತಿದ್ದರು. ಹಾಗೆ ಹೆದರಿ ಉಂಡು ಬೆಳೆದವರು ಈಗ ಬಸ್ಸಿನಲ್ಲಿ ಕಂಡರೆ ಎದ್ದು ಸೀಟು ಕೊಡುತ್ತಾರೆ, ಸಾಕಲ್ಲ.

ಈಗ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ನಮ್ಮ ಮನೆಗೆ ಚಹಾಕ್ಕೆ ಬರುತ್ತಾರೆ. "ಅಕ್ಕಾರ, ನಿಮ್ಮ ಟೈಮಿನ್ಯಾಗ ಟಿಬಿ ಕೆಲಸ ಹ್ಯಾಂಗಿತ್ರಿ?" ಎಂದು ಕೇಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲು ಇವೆಲ್ಲ ಎಲ್ಲರಿಗೂ ಸಿಗುವಂಥವು, ಅವುಗಳ ಸುದ್ದಿ ಇಲ್ಲಿಲ್ಲ.

ಮೊದಲು ಒಂದು ನಗೆಯ ಸಂಗತಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ರಂಗಂಪೇಟೆಯ ಒಬ್ಬ ಮುದುಕಿಗೆ ಕಫ ಪರೀಕ್ಷೆಯ ಡಬ್ಬಿ ಕೊಟ್ಟು, "ಮುಂಜಾನೆ ಎದ್ದಕೂಡ್ಲೆ ಜೋರಾಗಿ ಕೆಮ್ಮಿ ಇದರಾಗ ಉಗುಳಿ ತಂದುಕೊಡು ಅವ್ವಾ" ಎಂದಿದ್ದೆ. ಮರುದಿನ ಡಬ್ಬಿ ಬಂತು. ಮುಚ್ಚಳ ತೆಗೆದರೆ ಒಳಗೆ ಹುರಿದ ಶೇಂಗಾ.

"ಇದೇನವ್ವಾ?" ಎಂದೆ.

"ಅಯ್ಯ, ಉಗುಳಿದ್ದೆ ನೋಡವ್ವಾ. ಅಂಥಾ ಹೊಲಸು ಸರಕಾರದವ್ರ ಕೈಯಾಗ ಹ್ಯಾಂಗ ಕೊಡ್ಲಿ ಅಂತ ಬೂದಿ ಹಚ್ಚಿ ತಿಕ್ಕಿ ತೊಳದೆ. ತೊಳದ ಮ್ಯಾಲ ಖಾಲಿ ಡಬ್ಬಿ ತಿರುಗಿಸಿ ಕೊಡಬಾರ್ದಲ್ಲ, ಅದಕ್ಕ ಶೇಂಗಾ ಹಾಕೀನಿ."

ನೆರೆಮನೆಯ ಪಾತ್ರೆಯನ್ನು ಬರಿದಾಗಿ ಮರಳಿಸಬಾರದೆಂಬುದು ನಮ್ಮ ಕಡೆಯ ರೀತಿ. ಆಕೆಯ ಲೆಕ್ಕದಲ್ಲಿ ಸರಕಾರವೂ ನೆರೆಮನೆಯೇ. ನಾನು ನಕ್ಕೆ, ಶೇಂಗಾ ತಿನ್ನಲಿಲ್ಲ, ಇನ್ನೊಂದು ಡಬ್ಬಿ ಕೊಟ್ಟು ಅಲ್ಲೇ ಗಿಡದ ಕೆಳಗೆ ನಿಂತು ಕೆಮ್ಮಿಸಿದೆ. ಹುಡುಗಿಯರೇ, ನೀವು ಹೇಳಿದ್ದು ಬೇರೆ, ಅವರು ತಿಳಿದದ್ದು ಬೇರೆ ಆಗಿರುತ್ತದೆ. ಪೆದ್ದರೆಂದು ಬೈಯುವ ಮೊದಲು ಯಾಕೆ ಹಾಗೆ ಮಾಡಿದರೆಂದು ಕೇಳಿ. ಕಾರಣ ಬಹಳ ಸಲ ಒಳ್ಳೆಯದೇ ಇರುತ್ತದೆ.

ಆಗಿನ ಟಿಬಿ ಸರಳವಾಗಿತ್ತು. ಸರಿಯಾಗಿ ಗುಳಿಗೆ ನುಂಗಿದವರು ಗುಣವಾಗುತ್ತಿದ್ದರು. ತೊಂದರೆ ಬರುತ್ತಿದ್ದುದು ಎರಡು ತಿಂಗಳಿಗೆ ಕೆಮ್ಮು ನಿಂತು, ಮೈ ತುಂಬಿಕೊಂಡಾಗ. "ಆರಾಮಾಗೇನಲ್ರಿ, ಇನ್ಯಾಕ ಗುಳಿಗಿ?" ಎಂದು ಬಿಟ್ಟುಬಿಡುತ್ತಿದ್ದರು. ಒಳಗೆ ಉಳಿದ ಕ್ರಿಮಿಗಳು ಆ ಔಷಧಿಗೆ ಪಳಗಿ, ಮತ್ತೆ ಏಳುವಾಗ ಅದಕ್ಕೆ ಜಗ್ಗುತ್ತಿರಲಿಲ್ಲ. ಅರ್ಧ ಕಿತ್ತ ಕರಿಕೆ ಹುಲ್ಲು ಮತ್ತೆ ಚಿಗುರಿದ ಹಾಗೆ. ನಾವು ಇದನ್ನು ಬಹಳ ದಿನ ರೋಗಿಯ ತಪ್ಪೆಂದೇ ತಿಳಿದಿದ್ದೆವು. ಗುಳಿಗೆ ಬಿಟ್ಟವನಿಗೆ ಹಟಮಾರಿ ಟಿಬಿ ಬರುತ್ತದೆ, ಮಾಡಿದ್ದುಣ್ಣೋ ಮಹಾರಾಯ ಎನ್ನುವ ಧೋರಣೆ.

ಆ ಧೋರಣೆ ಬಿಟ್ಟುಹೋದದ್ದು ಕಲಬುರಗಿಯ ಒಂದು ತರಬೇತಿಯಲ್ಲಿ. ಒಬ್ಬ ಹಿರಿಯ ವೈದ್ಯರು ಗೋಡೆಯ ಮೇಲೆ ಜಗತ್ತಿನ ನಕ್ಷೆ ತೋರಿಸಿದರು. ಔಷಧಿಗೆ ಬಗ್ಗದ ಕ್ರಿಮಿಯ ಒಂದೊಂದು ವಂಶ ಯಾವ ದೇಶದಿಂದ ಯಾವ ದೇಶಕ್ಕೆ ಹೋಯಿತೆಂದು ಬಾಣದ ಗುರುತು ಹಾಕಿದ್ದರು. ದೂರದ ಚಳಿ ದೇಶದ ಜೈಲುಗಳು, ಆಫ್ರಿಕಾದ ಗಣಿಗಳು, ನಮ್ಮ ಮುಂಬೈಯ ಚಾಳುಗಳು. "ಇದು ಗುಳಿಗೆ ಬಿಟ್ಟವನಲ್ಲಿ ಹುಟ್ಟಬಹುದು. ಆದರೆ ಹುಟ್ಟಿದ ಮೇಲೆ ಒಂದು ದಿನವೂ ಗುಳಿಗೆ ಬಿಡದವನಿಗೂ, ಟಿಬಿಯೇ ಬಾರದಿದ್ದವನಿಗೂ ಗಾಳಿಯಲ್ಲಿ ಹೋಗಿ ಹತ್ತುತ್ತದೆ," ಎಂದರು. ನಾನು ನಕ್ಷೆಯಲ್ಲಿ ಯಾದಗಿರಿ ಹುಡುಕಿದೆ. ಇರಲಿಲ್ಲ. ನಕ್ಷೆ ಬರೆದವರಿಗೆ ನಮ್ಮ ಸ್ಟೇಷನ್ ಗೊತ್ತಿಲ್ಲದಿದ್ದರೇನು, ಮುಂಬೈ ರೈಲು ಅಲ್ಲಿ ನಿಲ್ಲುತ್ತದಲ್ಲ. ಕಟ್ಟಡದ ಕೆಲಸಕ್ಕೆ ಹೋದವರು ಗಂಟುಮೂಟೆ ಹೊತ್ತು, ಕೆಮ್ಮುತ್ತ ಇಳಿಯುವುದನ್ನು ನಾನೇ ಕಂಡಿದ್ದೆ. ಕ್ರಿಮಿಗೆ ಟಿಕೆಟ್ ಬೇಡ.

ಮಲ್ಲಪ್ಪನ ಕಥೆ ಅಲ್ಲಿಂದಲೇ ಶುರುವಾಗುತ್ತದೆ.

ಮಲ್ಲಪ್ಪ ರಾಮಸಮುದ್ರದವನು, ದನದ ದಲಾಲಿ. ಸುತ್ತಲಿನ ಸಂತೆಗಳಲ್ಲಿ ಎತ್ತು ಮಾರುವವರಿಗೂ ಕೊಳ್ಳುವವರಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವುದು ಅವನ ಕಸುಬು. ಆ ವ್ಯಾಪಾರ ನೀವು ನೋಡಿರಬಹುದು. ಬಾಯಿ ಬಿಟ್ಟು ಬೆಲೆ ಹೇಳುವುದಿಲ್ಲ. ಕೈಯ ಮೇಲೆ ಟಾವೆಲ್ ಮುಚ್ಚಿ, ಅದರ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿಯುತ್ತಾರೆ. ಎಷ್ಟು ಬೆರಳೋ ಅಷ್ಟು ಬೆಲೆ. ಒಪ್ಪಿಗೆ ಇಲ್ಲದಿದ್ದರೆ ಕೈ ಹಿಂದೆಗೆಯುವುದು, ಕುದುರಿದರೆ ಟಾವೆಲ್ ತೆಗೆದು ಅಂಗೈಗೆ ಅಂಗೈ ಬಡಿಯುವುದು. ಸುತ್ತ ನಿಂತವರಿಗೆ ಒಳಗೇನು ನಡೆಯಿತೆಂದು ತಿಳಿಯುವುದಿಲ್ಲ. "ಬಾಯಿ ಸುಳ್ಳು ಹೇಳ್ತದ್ರಿ ಅಕ್ಕಾರ, ಕೈ ಹೇಳಂಗಿಲ್ಲ. ಸುಳ್ಳು ಹೇಳೋ ಕೈ ಬೆವರತದ," ಎನ್ನುತ್ತಿದ್ದ.

ಅವನ ತಮ್ಮ ಮುಂಬೈಗೆ ದುಡಿಯಲು ಹೋದವನು ಎಲುಬಿನ ಗೂಡಾಗಿ ಮರಳಿದ. ಮಲ್ಲಪ್ಪನೇ ಅವನ ಬಾಯಿ ಒರೆಸಿ, ನೀರು ಕುಡಿಸಿ, ಮಗ್ಗುಲಲ್ಲಿ ಮಲಗಿ ಆರೈಕೆ ಮಾಡಿದ. ಯಾವ ಗುಳಿಗೆಯೂ ಹತ್ತದೆ ತಮ್ಮ ತೀರಿಕೊಂಡ. ಕೆಲವು ತಿಂಗಳಿಗೆ ಮಲ್ಲಪ್ಪ ಕೆಮ್ಮತೊಡಗಿದ. ಜೀವಮಾನದಲ್ಲಿ ಒಂದು ಗುಳಿಗೆ ಬಿಟ್ಟವನಲ್ಲ, ಏಕೆಂದರೆ ನುಂಗಿದವನೇ ಅಲ್ಲ. ಆದರೂ ದೂರದ ಪ್ರಯೋಗಾಲಯದಿಂದ ಅವನ ಕಫದ ವರದಿ ಬಂದಾಗ ಹಟಮಾರಿ ಟಿಬಿ ಎಂದಿತ್ತು.

ಆಗ ಅದಕ್ಕೆ ಎರಡು ವರ್ಷದ ಚಿಕಿತ್ಸೆ. ಹೊಟ್ಟೆ ತೊಳಸುವ ಗುಳಿಗೆಗಳ ರಾಶಿ, ಜೊತೆಗೆ ಮೊದಲ ಆರೇಳು ತಿಂಗಳು ಭಾನುವಾರ ಬಿಟ್ಟು ದಿನಾ ಒಂದು ಸೂಜಿ. ಸೂಜಿ ಮಾಡುವವಳು ನಾನು. ಮಲ್ಲಪ್ಪ ದವಾಖಾನೆಗೆ ಬಂದು ಗೋಡೆ ಕಡೆ ಮುಖ ಮಾಡಿ ನಿಂತು, "ಎತ್ತಿಗೆ ಮುದ್ರಿ ಹಾಕಿದಂಗ ಹಾಕ್ರಿ ಅಕ್ಕಾರ, ಕುಂಡಿಯಾಗ ಜಾಗ ಉಳದಿಲ್ಲ" ಎಂದು ನಗಿಸುತ್ತಿದ್ದ. ಮನೆಯಲ್ಲಿ ಅವನಿಗೆ ಜೀವಕ್ಕೆ ಜೀವವಾದದ್ದೆಂದರೆ ಮೊಮ್ಮಗಳು ಭಾಗ್ಯ. ಆಗಿನ್ನೂ ಶಾಲೆಗೆ ಹೋಗತೊಡಗಿದ್ದ ಪುಟ್ಟ ಹುಡುಗಿ. ಅಜ್ಜನ ಮಗ್ಗುಲು ಬಿಟ್ಟರೆ ನಿದ್ದೆ ಬಾರದವಳನ್ನು ನಾವು ಬೇರೆ ಕೋಣೆಯಲ್ಲಿ ಮಲಗಿಸಿದ್ದೆವು. ದಿನಾ ಅತ್ತು ಮಲಗುತ್ತಾಳೆಂದು ಅವನು ಬಂದು ಹೇಳುತ್ತಿದ್ದ.

ಆ ಸೂಜಿಗೆ ಒಂದು ಕೆಟ್ಟ ಗುಣವಿತ್ತು, ಕಿವಿ ತಿನ್ನುತ್ತಿತ್ತು. ಎಲ್ಲರದ್ದಲ್ಲ, ಕೆಲವರದ್ದು. ಹೋದ ಕಿವಿ ಮರಳುತ್ತಿರಲಿಲ್ಲ. ಕಿವಿ ಪರೀಕ್ಷಿಸುವ ಯಂತ್ರ ನಮ್ಮ ಕೈಗೆಟಕುವಲ್ಲಿ ಇರಲಿಲ್ಲ. ಅದಕ್ಕೇ ದಿನಾ ರೋಗಿಯನ್ನು ಕೇಳಬೇಕೆಂದು ಕಲಿಸಿದ್ದರು. ನಾನೂ ದಿನಾ ಕೇಳುತ್ತಿದ್ದೆ: "ಮಲ್ಲಪ್ಪಣ್ಣಾ, ಕಿವಿ ಹ್ಯಾಂಗದಾವ್ರಿ?" ಅವನು ದಿನಾ ಹೇಳುತ್ತಿದ್ದ: "ಚಲೋ ಅದಾವ್ರಿ."

ಒಂದು ಮುಂಜಾನೆ ಬಿಸಿಲು ಏರಿತ್ತು, ಕರೆಂಟ್ ಹೋಗಿತ್ತು. ಸೂಜಿಗೆ ಔಷಧಿ ಎಳೆದುಕೊಳ್ಳುತ್ತ ಬೇಸರ ಕಳೆಯಲೆಂದು ಕೇಳಿದೆ: "ಮಲ್ಲಪ್ಪಣ್ಣಾ, ನಿನ್ನಿ ಸಂತ್ಯಾಗ ಎಷ್ಟ್ ಜೋಡಿ ಎತ್ತು ಹೋದ್ವು?"

"ಚಲೋ ಅದಾವ್ರಿ," ಎಂದ.

ನಾನು ನಕ್ಕೆ. ಆಮೇಲೆ ನಗು ನಿಂತಿತು. ಅವನ ಬೆನ್ನ ಹಿಂದೆ ನಿಂತು ಮತ್ತೆ ಕೇಳಿದೆ: "ಇವತ್ತ ಏನ್ ಊಟ ಮಾಡೀರಿ?" ಉತ್ತರವೇ ಇಲ್ಲ. ಭುಜ ಮುಟ್ಟಿದೆ. ತಿರುಗಿ ನನ್ನ ಬಾಯಿ ನೋಡಿ, "ಚಲೋ ಅದಾವ್ರಿ" ಎಂದ.

ಯಾವಾಗಿಂದ ಕಿವಿ ಹೋಗಿತ್ತೋ ದೇವರಿಗೇ ಗೊತ್ತು. ಸಂತೆಯಲ್ಲಿ ಯಾರಿಗೂ ತಿಳಿದಿರಲಿಲ್ಲ, ಯಾಕೆಂದರೆ ಅವನ ವ್ಯಾಪಾರಕ್ಕೆ ಕಿವಿಯೇ ಬೇಡ. ಬೆರಳು ಹಿಡಿಯುವಷ್ಟು ಕೈ ಇದ್ದರೆ ಸಾಕು. ದವಾಖಾನೆಯಲ್ಲೂ ಕೇಳುವ ಪ್ರಶ್ನೆ ಒಂದೇ, ಹೇಳುವ ಉತ್ತರವೂ ಒಂದೇ. ಇದನ್ನು ಓದುವ ಹುಡುಗಿಯರು ಬೇರೆಲ್ಲ ಮರೆತರೂ ಇದೊಂದು ನೆನಪಿಡಿ. ರೋಗಿಯನ್ನು ದಿನಾ ಒಂದೇ ಪ್ರಶ್ನೆ ಕೇಳಬೇಡಿ. ಮೊಮ್ಮಗಳ ಸುದ್ದಿ ಕೇಳಿ, ಬೆಳೆ ಕೇಳಿ, ನೆರೆಮನೆಯ ಜಗಳ ಕೇಳಿ.

ನಮ್ಮ ಡಾಕ್ಟರು ಮೈಸೂರು ಕಡೆಯ ಚಿಕ್ಕ ವಯಸ್ಸಿನವರು. ಬಂದ ಹೊಸತರಲ್ಲಿ ಊರಿನವರ ಮಾತು ಕೇಳಿ, "ಇವ್ರೆಲ್ಲ ಯಾಕೆ ಸಿಸ್ಟರ್ ನನ್ ಜೊತೆ ಜಗಳ ಆಡ್ತಾರೆ?" ಎಂದು ಮುಖ ಸಣ್ಣ ಮಾಡಿಕೊಂಡಿದ್ದರು. "ಜಗಳಲ್ರಿ ಸರ್, ಊಟಕ್ಕ ಕರ್ಯಾಕತ್ತಾರ" ಎಂದು ನಾನೇ ಬಿಡಿಸಿ ಹೇಳಿದ್ದೆ. ಒಳ್ಳೆಯ ಮನುಷ್ಯ. ಸುದ್ದಿ ತಿಳಿದ ಕೂಡಲೇ ದೊಡ್ಡಾಸ್ಪತ್ರೆಗೆ ಫೋನ್ ಮಾಡಿದರು. ಸೂಜಿ ಇವತ್ತೇ ನಿಲ್ಲಿಸಿದರೆ ಉಳಿದಷ್ಟಾದರೂ ಕಿವಿ ಉಳಿಯಬಹುದು, ಆದರೆ ರೋಗ ಮತ್ತೆ ತಲೆ ಎತ್ತುವ ಭಯವಿದೆ. ಇನ್ನೊಂದು ತಿಂಗಳು ಮಾಡಿದರೆ ರೋಗಕ್ಕೆ ಒಳ್ಳೆಯದು, ಕಿವಿಯ ಆಸೆ ಬಿಡಬೇಕು. ಬದಲಿಗೆ ಕೊಡುವ ಬೇರೆ ಔಷಧಿ ಆಗ ಕೈಯಲ್ಲಿ ಇರಲಿಲ್ಲ. ರೋಗಿಯನ್ನೇ ಕೇಳಿ ಎಂದು ಅಲ್ಲಿಯವರು ಹೇಳಿದರು.

ಹೇಗೆ ಕೇಳುವುದು? ಕಿವಿ ಕೇಳದು, ಅಕ್ಷರ ಬಾರದು. ನಾನು ಒಂದು ಬೆರಳೆತ್ತಿ, ಸೂಜಿ ತೋರಿಸಿ, ಕಿವಿ ತೋರಿಸಿ ಸನ್ನೆ ಮಾಡತೊಡಗಿದೆ. ಬೆಂಚಿನ ಮೇಲೆ ಕುಳಿತಿದ್ದ ಜನರೆಲ್ಲ ಕತ್ತು ಚಾಚಿದರು. ಮಲ್ಲಪ್ಪನ ಮುಖ ಕೆಂಪಾಯಿತು. ಹೆಗಲ ಮೇಲಿನ ಟಾವೆಲ್ ಎಳೆದು ನನ್ನ ಕೈಯ ಮೇಲೆ ಹಾಕಿದ. ಎಲ್ಲರೆದುರು ಇಂಥ ಮಾತು ಬೇಡ ಎನ್ನುವಂತೆ.

ಅಲ್ಲಿಯವರೆಗೆ ಯಾವ ಹೆಂಗಸೂ ಆ ಟಾವೆಲ್ ಕೆಳಗೆ ಕೈ ಇಟ್ಟಿರಲಿಕ್ಕಿಲ್ಲ. ನಾನು ನನ್ನ ಒಂದು ಬೆರಳು ಅವನ ಕೈಗೆ ಕೊಟ್ಟೆ, ಒಂದು ತಿಂಗಳು. ಇನ್ನೊಂದು ಕೈಯಿಂದ ಅವನು ತನ್ನ ಕಿವಿ ಮುಟ್ಟಿ ನನ್ನ ಮುಖ ನೋಡಿದ. ನಾನು ಕೈ ಹಿಂದೆಗೆದೆ. ದಲಾಲಿಗೆ ಅಷ್ಟು ಸಾಕು, ಕಿವಿ ಬರುವುದಿಲ್ಲ ಎಂದು ತಿಳಿಯಿತು. ಆಮೇಲೆ ಟಾವೆಲ್ ಒಳಗೆ ನನ್ನ ಕೈ ಮತ್ತೆ ಹುಡುಕಿ ಅದೇ ಒಂದು ಬೆರಳನ್ನು ಗಟ್ಟಿಯಾಗಿ ಹಿಡಿದ. ಕಿವುಡರ ಜೋರು ದನಿಯಲ್ಲಿ ಹೇಳಿದ:

"ಹೋದ್ರ ಹೋಗ್ಲಿ ಬಿಡ್ರಿ ಅಕ್ಕಾರ. ಕಿವಿ ಇಟ್ಕೊಂಡು ಬ್ಯಾನಿ ಉಳಿಸ್ಕೊಂಡ್ರ ನನ್ ಭಾಗ್ಯಾಗ ಹತ್ತತದ. ಆಕಿ ನನ್ ಮಗ್ಗಲಕ ಬಂದು ಮಲಗಬೇಕು."

ನನಗೆ ಅಳು ಬಂತು, ಅತ್ತೆ. ಡಾಕ್ಟರು ಕಿಟಕಿ ಕಡೆ ತಿರುಗಿದರು. ಉಳಿದ ಆ ತಿಂಗಳ ಸೂಜಿಯನ್ನೂ ನಾನೇ ಮಾಡಿದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರೆ. ನಮ್ಮಲ್ಲಿ ಹಾವು ಸತ್ತಿತು, ಕೋಲು ಮುರಿಯಿತು. ನನ್ನದೂ ಅಲ್ಲದ, ಅವನದೂ ಅಲ್ಲದ ತಪ್ಪು ಅದು. ಆ ಕಾಲಕ್ಕೆ ಇದ್ದ ಔಷಧಿಯೇ ಅಷ್ಟು. ಎರಡು ವರ್ಷಕ್ಕೆ ಮಲ್ಲಪ್ಪ ಪೂರ್ತಿ ಗುಣವಾದ, ಒಂದು ಶಬ್ದವೂ ಕೇಳದವನಾಗಿ ಮೊಮ್ಮಗಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡ.

ಆಮೇಲೆ ಕೆಲಸದ ರೀತಿ ಕಣ್ಣೆದುರೇ ಬದಲಾಯಿತು. ವಾರಗಟ್ಟಲೆ ಕಾಯುತ್ತಿದ್ದ ವರದಿಯನ್ನು ಯಂತ್ರ ಅದೇ ದಿನ ಹೇಳತೊಡಗಿತು. ಆ ಸೂಜಿಯೂ ಹೋಗಿ ಬರೀ ಗುಳಿಗೆ ಉಳಿಯಿತು. ಕೊನೆಯ ಬಾಟಲಿಗಳನ್ನು ವಾಪಸ್ ಕಳಿಸಿದ ದಿನ ನಾನು ಮನೆಯಲ್ಲಿ ಹೋಳಿಗೆ ಮಾಡಿದ್ದೆ. ಗಂಡ ಯಾವ ಹಬ್ಬವೆಂದು ಕೇಳಿದರೆ "ಸೂಜಿ ಹಬ್ಬ" ಎಂದೆ.

ನಾನು ನಿವೃತ್ತಳಾಗಿ ಬಹಳ ದಿನವಾಗಿರಲಿಲ್ಲ. ನನ್ನ ಜಾಗಕ್ಕೆ ಬಂದ ಅಶ್ವಿನಿ ಒಂದು ಮಧ್ಯಾಹ್ನ ಬೆವರೊರೆಸಿಕೊಳ್ಳುತ್ತ ಮನೆಗೆ ಬಂದಳು.

"ಅಕ್ಕಾರ, ರಾಮಸಮುದ್ರದಾಗ ಒಬ್ಬ ಹುಡುಗಿಗೆ ಹಟಮಾರಿ ಟಿಬಿ ಬಂದದ್ರಿ. ಕಡೇಚೂರಾಗ ಫ್ಯಾಕ್ಟರಿ ಕೆಲಸಕ್ಕ ಹೋಗ್ತಿದ್ಲು. ಅವ್ರಜ್ಜ ಬಾಗಲದಾಗ ನಿಂತು ನಮ್ಮನ್ನ ಒಳಗೇ ಬಿಡವಲ್ಲ. ಎಷ್ಟ್ ಒದರಿದ್ರೂ ಅಂವಗ ಕೇಳಂಗಿಲ್ಲ. ಫೋನಿನ್ಯಾಗ ಚಿತ್ರ ತೋರ್ಸಾಕ ಹೋದ್ರ ಮುಖಾ ತಿರುವ್ತಾನ."

"ಹುಡುಗಿ ಏನಂತಾಳ?"

"ಆಕಿಗೂ ಅಂಜಿಕಿರಿ. ಈಗ ಆ ಸೂಜಿ ಇಲ್ಲ ಅಂದ್ರೂ ನಂಬವಲ್ಲಳ್ರಿ, ಅಜ್ಜನಂಗ ಕಿವುಡಿ ಆಗಂಗಿಲ್ಲ ಅಂತಾಳ. ಕಫದಾಗ ರಕ್ತ ಬರಾಕತ್ತದ."

ನಾನು ಚಪ್ಪಲಿ ಮೆಟ್ಟಿಕೊಂಡೆ.

ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ಮಲ್ಲಪ್ಪನ ಕೈ ತಾನಾಗಿಯೇ ಸೊಂಟದ ಹಿಂದೆ, ಹಳೆಯ ಸೂಜಿಯ ಜಾಗಕ್ಕೆ ಹೋಯಿತು. ನಗು ತಡೆದುಕೊಂಡೆ. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದುಕೊಟ್ಟ. ಬಂದವರಿಗೆ ನೀರು ಕೊಡದಷ್ಟು ಸಿಟ್ಟು ನಮ್ಮ ಕಡೆ ಯಾರಿಗೂ ಬರುವುದಿಲ್ಲ. ನೀರು ಕೊಟ್ಟು ಹೊಸ್ತಿಲಿಗೆ ಅಡ್ಡ ನಿಂತು, ಓಣಿಗೆಲ್ಲ ಕೇಳುವ ಹಾಗೆ ಹೇಳಿದ:

"ನನ್ ಕಿವಿ ತಗೊಂಡ್ರಿ, ನಾ ಬ್ಯಾಡ ಅನ್ಲಿಲ್ಲ. ಆಕಿಂವು ಕೊಡಂಗಿಲ್ರಿ ಅಕ್ಕಾರ."

ಅವನ ಹಿಂದೆ ಕತ್ತಲಲ್ಲಿ ಭಾಗ್ಯ ನಿಂತಿದ್ದಳು. ಕೊರಳ ಎಲುಬು ಎದ್ದು ಕಾಣುತ್ತಿತ್ತು. "ನಾನೇ ಕೊಟ್ಟೀನ್ರಿ ಆಕಿಗೆ ಈ ಬ್ಯಾನಿ," ಎಂದು ಅವನು ಎದೆ ಬಡಿದುಕೊಂಡ. ಅಜ್ಜನಿಂದ ಬಂತೋ, ಹತ್ತೂ ರಾಜ್ಯದ ಜನ ದುಡಿಯುವ ಆ ಫ್ಯಾಕ್ಟರಿಯಲ್ಲಿ ಹತ್ತಿತೋ, ಬಸ್ಸಿನಲ್ಲೋ, ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಅದನ್ನು ಕೆದಕಿ ಆಗಬೇಕಾದದ್ದೂ ಏನಿರಲಿಲ್ಲ. ಹುಡುಗಿ ನಮ್ಮ ಕಣ್ಣೆದುರು ಕರಗುತ್ತಿದ್ದಳು, ಅಷ್ಟೇ ಆಗ ಮುಖ್ಯ.

ನಾನು ಕಟ್ಟೆಯ ಮೇಲೆ ಕುಳಿತು, ಅವನ ಹೆಗಲಿನ ಟಾವೆಲ್ ಜಗ್ಗಿಕೊಂಡೆ. ಓಣಿಯಲ್ಲಿ ನಿಂತು ನೋಡುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಟಾವೆಲ್ ಮುಚ್ಚಿ ಕೈ ಚಾಚಿದೆ. ಮಲ್ಲಪ್ಪ ಹೊಸ್ತಿಲು ಬಿಟ್ಟು ಬಂದ. ಆಮೇಲೆ ಕುಳಿತ, ಕೈ ಒಳಗೆ ತಂದ.

ನನ್ನ ತೋಳಿಗೆ ಸೂಜಿ ಚುಚ್ಚಿದಂತೆ ಸನ್ನೆ ಮಾಡಿ ಎಷ್ಟೆಂದು ಕಣ್ಣಲ್ಲೇ ಕೇಳಿದ. ನಾನು ಮುಷ್ಟಿ ಕಟ್ಟಿದೆ. ಅವನು ಬೆರಳು ಹುಡುಕಿದ, ಸಿಗಲಿಲ್ಲ. ಹೆಬ್ಬೆರಳು ಬಿಡಿಸಲು ನೋಡಿದ, ಬಿಡಲಿಲ್ಲ. ಕಿರುಬೆರಳು ಬಿಡಿಸಲು ನೋಡಿದ. ಸೂಜಿ ಒಂದೂ ಇಲ್ಲ ಎಂದು ನಾನು ಮುಷ್ಟಿ ಬಿಗಿಹಿಡಿದೇ ಕುಳಿತೆ. ಅವನು ನನ್ನ ಮುಖ ನೋಡಲಿಲ್ಲ. ತನ್ನ ಅಂಗೈಯಿಂದ ನನ್ನ ಮುಷ್ಟಿಯನ್ನು ಸುತ್ತಿ ಹಿಡಿದು, ಬೆವರುತ್ತದೋ ಎಂದು ಕಾಯುತ್ತಿದ್ದ. ನಾನು ಕಾಯಲು ಬಿಟ್ಟೆ.

ನನ್ನ ಕೈ ಒಣಗಿಯೇ ಇತ್ತು.

ಆಮೇಲೆ ಗುಳಿಗೆಯ ತಿಂಗಳು ಹೇಳಿದೆ. ಇಡೀ ಕೈ, ಮತ್ತೊಂದು ಬೆರಳು. ಎರಡು ವರ್ಷವಲ್ಲ, ಆರು ತಿಂಗಳು. ಎತ್ತು ಮಾರುವಾಗ ಅದರ ದೋಷ ಮುಚ್ಚಿಡಬಾರದಲ್ಲ, ಅದನ್ನೂ ಭಾಗ್ಯಳಿಗೆ ಕೇಳುವಂತೆ ಹೇಳಿದೆ. ಹೊಸ ಗುಳಿಗೆಯಿಂದ ಕಾಲು ಜುಮ್ಮೆನ್ನಬಹುದು, ಕಣ್ಣು ಮಂಜಾಗಬಹುದು, ರಕ್ತ ಕಡಿಮೆಯಾಗಬಹುದು. ಅಜ್ಜನಿಗೆ ಕಾಲು ಮುಟ್ಟಿ, ಕಣ್ಣು ಮುಟ್ಟಿ ತೋರಿಸಿದೆ. ಅಶ್ವಿನಿಯನ್ನು ತೋರಿಸಿ, ಇವಳು ಬಂದು ನೋಡುತ್ತಿರುತ್ತಾಳೆ ಎಂದೆ. ಕೊನೆಗೆ ಕಿವಿ ಮುಟ್ಟಿ ತಲೆ ಅಲ್ಲಾಡಿಸಿದೆ. ಅದಕ್ಕೇನೂ ಆಗುವುದಿಲ್ಲ.

ಮಲ್ಲಪ್ಪ ಟಾವೆಲ್ ತೆಗೆದು ನನ್ನ ಅಂಗೈಗೆ ಅಂಗೈ ಬಡಿದ. ಉರಿಯಿತು. ಹಿಂದೆ ಭಾಗ್ಯ ಗೋಡೆ ಹಿಡಿದು ಕುಳಿತು ಅಳತೊಡಗಿದಳು, ಅಶ್ವಿನಿ ಅವಳ ಪಕ್ಕ ಕುಳಿತಳು.

ಆದರೆ ದಲಾಲಿ ದಲಾಲಿಯೇ. ಕುದುರಿದ ಎತ್ತನ್ನೂ ದಿನಾ ನಡೆಸಿ ನೋಡುವವನು. ಮರುದಿನದಿಂದ ಅವನದೊಂದು ಪರೀಕ್ಷೆ ಶುರುವಾಯಿತೆಂದು ಅಶ್ವಿನಿ ಹೇಳಿದಳು. ಹಳೆಯ ಎತ್ತಿನ ಕೊರಳ ಗಂಟೆಯೊಂದನ್ನು ಗೂಟದಿಂದ ತೆಗೆದು, ಹುಡುಗಿಯ ಬೆನ್ನ ಹಿಂದೆ ನಿಂತು ಅಲ್ಲಾಡಿಸುವುದು. ಗಂಟೆಯ ದನಿ ಅವನಿಗೆ ಕೇಳದು. ಅವಳು ತಿರುಗಿದರೆ ಆ ದಿನದ ಗುಳಿಗೆ ಕೊಡುವುದು. ಒಂದು ಮುಂಜಾನೆ ಭಾಗ್ಯ ಚೇಷ್ಟೆಗೆಂದು ತಿರುಗದೆ ಕುಳಿತಳಂತೆ. ಮುದುಕ ಮತ್ತೆ ಮತ್ತೆ ಅಲ್ಲಾಡಿಸಿ, ಗಂಟೆ ಮಡಿಲಲ್ಲಿಟ್ಟುಕೊಂಡು ನೆಲಕ್ಕೆ ಕುಸಿದನಂತೆ. ಅವನ ಮುಖ ನೋಡಿ ಹುಡುಗಿ ಓಡಿ ಬಂದು ತಬ್ಬಿಕೊಂಡಳಂತೆ. ಆಮೇಲೆ ಎಂದೂ ಆ ಚೇಷ್ಟೆ ಮಾಡಲಿಲ್ಲ.

ಹೊಸ ಹುಡುಗಿಯರಿಗೆ ಹೇಳುವುದಿಷ್ಟು. ಈ ಗುಳಿಗೆಗಳು ನಿಮಗೆ ಸುಮ್ಮನೆ ಸಿಕ್ಕಿದ್ದಲ್ಲ. ಇವುಗಳಿಗೂ ಬಗ್ಗದಿರುವುದನ್ನು ಆ ಕ್ರಿಮಿ ಎಲ್ಲೋ ಒಂದು ಕಡೆ ಕಲಿಯುತ್ತಲೇ ಇದೆ, ಕಲಿತದ್ದು ಮತ್ತೆ ರೈಲು ಹತ್ತಿ ಬರುತ್ತದೆ. ನಮ್ಮ ಓಣಿಯಲ್ಲಿ ಅದಕ್ಕೆ ಪಾಠವಾಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಇದನ್ನು ಹೇಳುವಾಗ ನನಗೆ ಭಯವೇ ಆಗುತ್ತದೆ. ಮತ್ತೊಮ್ಮೆ ಯಾರೊಬ್ಬರೂ ಕಿವಿಯೋ ಉಸಿರೋ ಎಂದು ಆರಿಸಿಕೊಳ್ಳುವಂತೆ ಆಗಬಾರದು.

ಭಾಗ್ಯಳ ಕೊನೆಯ ಗುಳಿಗೆಯ ದಿನ ನಾನೂ ಹೋಗಿದ್ದೆ. ಕೆಮ್ಮು ಎಂದೋ ನಿಂತಿತ್ತು, ಕೆನ್ನೆ ತುಂಬಿತ್ತು. ಅಂಗಳದಲ್ಲಿ ನನ್ನ ಎದುರು ಕುಳಿತು, ಮತ್ತೆ ಕೆಲಸಕ್ಕೆ ಹೋಗುವ ಮಾತಾಡುತ್ತಿದ್ದಳು. ಗುಳಿಗೆ ಅಶ್ವಿನಿಯ ಅಂಗೈಯಲ್ಲಿತ್ತು. ಹಿಂದಿನಿಂದ ಗಂಟೆಯ ದನಿ ಬಂತು. ಭಾಗ್ಯ ಮಾತು ನಿಲ್ಲಿಸಿ ತಿರುಗಿದಳು. ಕಟ್ಟೆಯ ಬಳಿ ಮಲಗಿದ್ದ ನಾಯಿಯೂ ಕಿವಿ ನಿಮಿರಿಸಿತು.

ಮಲ್ಲಪ್ಪ ಗಂಟೆಯನ್ನು ಗೂಟಕ್ಕೆ ಹಾಕಿ ನನ್ನ ಕಡೆ ನೋಡಿದ. ನಾನು ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲ.

"ಚಲೋ ಅದಾವ್ರಿ ಅಕ್ಕಾರ," ಎಂದ.